ಪಕ್ಕಾ ಮನೆಯ ಭ್ರಮೆ ಮತ್ತು ಮರೆತುಹೋದ ದುರಸ್ತಿಯ ವಿದ್ಯೆ

ಮಲೆನಾಡಿನ ಯಾವ ಊರಿನ ರಸ್ತೆಯಲ್ಲಿ ಬೇಕಾದರೂ ಇಂದು ಒಂದು ಮೈಲಿ ನಡೆದು ನೋಡಿ. ಕಾಂಕ್ರೀಟಿನ ತಾರಸಿ ಹಾಕಿದ ಮನೆಗಳು, ಆ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಹೊದಿಸಿದ ಬಣ್ಣದ ತಗಡಿನ ಮಾಡುಗಳು ಸಾಲುಸಾಲಾಗಿ ಕಾಣುತ್ತವೆ. ಒಂದೇ ಮನೆಗೆ ಎರಡು ಸೂರು. ಮೊದಲನೆಯದು ಮಳೆ ತಡೆಯಲಿಲ್ಲವೆಂದು ಎರಡನೆಯದು. ‘ಒಮ್ಮೆ ಕಟ್ಟಿದರೆ ಮತ್ತೆ ಕೈಹಾಕುವ ಹಾಗಿಲ್ಲ’ ಎಂದು ನಂಬಿಸಿ ಹಾಕಿಸಿದ ತಾರಸಿಯು ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಒಸರತೊಡಗಿದರೆ, ಅದನ್ನು ಸರಿಪಡಿಸುವ ವಿದ್ಯೆ ಮನೆಯವರಿಗೆ ತಿಳಿಯದು. ಕಟ್ಟಿದ ಗುತ್ತಿಗೆದಾರನಿಗೆ ಬೇಕಿಲ್ಲ. ಹಾಗಾಗಿ ಇನ್ನೊಂದು ಸಾಲ, ಇನ್ನೊಂದು ಸೂರು.

ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ನಮ್ಮದು. ಇಲ್ಲಿ ನೀರು ನಿಲ್ಲುವ ಸೂರು ಬಾಳದು, ನೀರು ಜಾರುವ ಸೂರು ಬೇಕು ಎಂಬುದನ್ನು ಅರಿಯಲು ಎಂಜಿನಿಯರಿಂಗ್ ಓದಬೇಕಿರಲಿಲ್ಲ. ಇಳಿಜಾರು ಮಾಡು, ಉದ್ದನೆಯ ಸೂರಂಚು, ಎತ್ತರದ ಕಲ್ಲಿನ ಪಾಯ, ದಪ್ಪನೆಯ ಮಣ್ಣಿನ ಗೋಡೆ, ಮಳೆಗಾಲದ ಇರಚಲು ತಡೆಯಲು ಸೋಗೆಯ ತಟ್ಟಿ: ಇವೆಲ್ಲ ಈ ಮಳೆಯೊಡನೆ ತಲೆತಲಾಂತರ ಬಾಳಿದವರು ಕಂಡುಕೊಂಡ ಉತ್ತರಗಳು. ಅವುಗಳ ಜೊತೆಗೇ ಬಂದದ್ದು ವರ್ಷವರ್ಷವೂ ಮನೆಯನ್ನು ಮುಟ್ಟಿ ನೋಡಿ ಸರಿಪಡಿಸುವ ರೂಢಿ.

ನಮ್ಮ ಮನೆಯನ್ನು ನಾವೇ ದುರಸ್ತಿ ಮಾಡಿಕೊಳ್ಳುವ ಸಾಮರ್ಥ್ಯವನ್ನು ಕಳೆದುಕೊಂಡದ್ದು ಕೇವಲ ಮನೆವಾರ್ತೆಯ ಸಂಗತಿಯಲ್ಲ. ಅದು ಗುಡ್ಡ, ನದಿ, ಕಾಡುಗಳ ನಾಶದೊಡನೆ ನೇರವಾಗಿ ತಳಕು ಹಾಕಿಕೊಂಡಿರುವ ಸಂಗತಿ. 1983ರಲ್ಲಿ ಶಿರಸಿ ಸಮೀಪದ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಆರಂಭಿಸಿದ ಅಪ್ಪಿಕೋ ಚಳವಳಿ ನಮಗೆ ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಮಾತುಗಳನ್ನು ಕೊಟ್ಟಿತು. ಮೊದಲೆರಡನ್ನು ನಾವು ಸಭೆಗಳಲ್ಲಿ ಧಾರಾಳವಾಗಿ ಆಡುತ್ತೇವೆ. ಮೂರನೆಯದನ್ನು, ಎಂದರೆ ವಿವೇಕದಿಂದ ಬಳಸುವುದನ್ನು, ನಮ್ಮ ಮನೆಯ ಹೊಸ್ತಿಲ ಹೊರಗೇ ಬಿಟ್ಟುಬಿಟ್ಟಿದ್ದೇವೆ.

‘ಪಕ್ಕಾ’ ಎಂದು ಯಾರು ಹೇಳಿದರು?

ಈ ವಿದ್ಯೆ ನಮ್ಮ ಕೈಯಿಂದ ತಾನಾಗಿಯೇ ಜಾರಿಹೋಗಲಿಲ್ಲ. ಮಣ್ಣಿನ ಗೋಡೆಯೆಂದರೆ ಬಡತನ, ಹೆಂಚಿನ ಮಾಡೆಂದರೆ ಹಿಂದುಳಿದವರ ಲಕ್ಷಣ ಎಂಬ ಭಾವನೆಯನ್ನು ಜಾಹೀರಾತುಗಳು ಬಿತ್ತಿದವು. ಸರ್ಕಾರದ ನಮೂನೆಗಳು ಅದಕ್ಕೆ ಮೊಹರು ಒತ್ತಿದವು. 2011ರ ಜನಗಣತಿಯ ಲೆಕ್ಕದಲ್ಲಿ ಮಣ್ಣಿನ ಗೋಡೆ, ಸುಡದ ಇಟ್ಟಿಗೆಯ ಗೋಡೆಗಳು ತಾತ್ಕಾಲಿಕ ವಸ್ತುಗಳ ಸಾಲಿಗೆ ಸೇರಿದವು. ಅದೇ ಅವಧಿಯ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ ‘ಕಚ್ಚಾ’ ಗೋಡೆ, ‘ಕಚ್ಚಾ’ ಮಾಡು ಎಂಬುವು ಕುಟುಂಬವೊಂದರ ಅಭಾವವನ್ನು ಅಳೆಯುವ ಮಾನದಂಡಗಳಾದವು. ಬಡವರಿಗೆ ನೆರವು ತಲುಪಬೇಕೆಂಬ ಉದ್ದೇಶವನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಅಜ್ಜನ ಕಾಲದಿಂದ ನಿಂತಿರುವ, ಬೇಸಿಗೆಯಲ್ಲಿ ತಂಪಾಗಿಯೂ ಮಳೆಯಲ್ಲಿ ಬೆಚ್ಚಗೂ ಇರುವ ಒಂದೂವರೆ ಅಡಿಯ ಮಣ್ಣಿನ ಗೋಡೆ ‘ಕಚ್ಚಾ’. ನಿನ್ನೆ ಮೊನ್ನೆ ಎದ್ದು ಈಗಲೇ ಬಿರುಕು ಬಿಟ್ಟಿರುವ ಟೊಳ್ಳು ಸಿಮೆಂಟ್ ಇಟ್ಟಿಗೆಯ ಗೋಡೆ ‘ಪಕ್ಕಾ’ ಎನ್ನುವುದಾದರೆ, ಆ ಅಳತೆಗೋಲೇ ಡೊಂಕಾಗಿದೆ ಎನ್ನದೆ ವಿಧಿಯಿಲ್ಲ.

ಇದರಲ್ಲಿ ಇನ್ನೂ ಒಂದು ವಿಪರ್ಯಾಸವಿದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದ ಮಾರ್ಗಸೂಚಿಯಲ್ಲಿ ಪಕ್ಕಾ ಮನೆಯ ಲಕ್ಷಣವನ್ನು ವಿವರಿಸಲಾಗಿದೆ. ಸಾಧಾರಣ ನಿರ್ವಹಣೆ ಮಾಡಿದರೆ, ಬಳಕೆಯ ಸವೆತವನ್ನೂ ಬಿಸಿಲು-ಮಳೆಯನ್ನೂ ಕನಿಷ್ಠ 30 ವರ್ಷ ತಾಳಿಕೊಳ್ಳಬಲ್ಲ ಮನೆ ಪಕ್ಕಾ ಮನೆ. ಗೋಡೆಯ ಹೊರಮೈ ಸವೆಯುವಂಥದಾದರೆ ಮಾತ್ರ ಅದಕ್ಕೆ ಗಿಲಾಯಿ ಬೇಕು ಎಂಬುದು ಅದರ ಸಾರಾಂಶ. ಗೋಡೆ ಸಿಮೆಂಟಿನದೇ ಆಗಬೇಕೆಂದು ಆ ಲಕ್ಷಣದಲ್ಲಿಲ್ಲ. ನಮ್ಮ ಹಿರಿಯರು ಕಟ್ಟಿದ, ಒಳ್ಳೆಯ ಪಾಯವಿರುವ, ಮಂಗಳೂರು ಹೆಂಚು ಹೊದಿಸಿದ ಎಷ್ಟೋ ಮನೆಗಳು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ. ಆದರೆ ಈ ಮಾರ್ಗಸೂಚಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದವರು ಯಾರು? ‘ಮಣ್ಣಿನ ಗೋಡೆಗೆ ಬಿಲ್ಲು ಆಗುವುದಿಲ್ಲ’ ಎಂಬ ಒಂದೇ ಮಾತು ಊರೂರಿಗೂ ಹಬ್ಬಿತು, ಜನ ನಂಬಿದರು, ನಿಂತ ಗೋಡೆಗಳನ್ನು ಕೆಡವಿದರು.

ಆ ಲಕ್ಷಣದಲ್ಲಿರುವ ‘ಸಾಧಾರಣ ನಿರ್ವಹಣೆ’ ಎಂಬ ಎರಡು ಪದಗಳನ್ನು ದಯವಿಟ್ಟು ಗಮನಿಸಿ. ನಿರ್ವಹಣೆ ಬೇಡದ ಮನೆ ಲೋಕದಲ್ಲಿ ಎಲ್ಲಿಯೂ ಇಲ್ಲ. ಕಾಂಕ್ರೀಟು ಅದಕ್ಕೆ ಹೊರತಲ್ಲ. ಕೂದಲೆಳೆಯ ಬಿರುಕಿನಿಂದ ಇಳಿದ ನೀರು ಒಳಗಿನ ಸರಳನ್ನು ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದ ಕಬ್ಬಿಣ ತನ್ನ ಸುತ್ತಲಿನ ಕಾಂಕ್ರೀಟನ್ನು ಸೀಳಿ ಚಕ್ಕೆಚಕ್ಕೆಯಾಗಿ ಉದುರಿಸುತ್ತದೆ. ಹೆಂಚಿನ ಮಾಡು ಸೋರಿದರೆ ಸೋರುವ ಜಾಗ ಕಣ್ಣಿಗೆ ಕಾಣುತ್ತದೆ, ಒಂದು ಹೆಂಚು ಬದಲಿಸಿದರೆ ಕೆಲಸ ಮುಗಿಯುತ್ತದೆ. ತಾರಸಿಯ ರೋಗ ಒಳಗೊಳಗೇ ಬೆಳೆದು ಕೊನೆಗೆ ದೊಡ್ಡ ಖರ್ಚನ್ನೇ ಕೇಳುತ್ತದೆ.

ಗೋಡೆಯ ಹಿಂದೆ ಅಡಗಿರುವ ಗುಡ್ಡ

ಗಾಂಧೀಜಿಯವರು ಆದರ್ಶ ಗ್ರಾಮದ ಮನೆಗಳನ್ನು ಐದು ಮೈಲಿಯ ಸುತ್ತಳತೆಯಲ್ಲಿ ದೊರೆಯುವ ವಸ್ತುಗಳಿಂದಲೇ ಕಟ್ಟಬೇಕೆಂದರು. ಆ ಮಾತನ್ನು ಬದುಕಿನುದ್ದಕ್ಕೂ ನಡೆಸಿ ತೋರಿಸಿದವರು ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007). ಇಂದು ನಾವು ಕಟ್ಟುತ್ತಿರುವ ಮನೆಯಲ್ಲಿ ಐದು ಮೈಲಿಯೊಳಗಿನದು ಏನಿದೆ, ಬಾವಿಯ ನೀರೊಂದನ್ನು ಬಿಟ್ಟರೆ?

ಸಿಮೆಂಟು ಕಲಬುರಗಿಯ ಸೇಡಂ, ವಾಡಿಗಳಂಥ ಸುಣ್ಣಕಲ್ಲಿನ ಸೀಮೆಯಿಂದ ನೂರಾರು ಕಿಲೋಮೀಟರ್ ಲಾರಿಯಲ್ಲಿ ಬರುತ್ತದೆ. ಅಲ್ಲಿಯ ರೈತರ ಹೊಲಗಳ ಪಕ್ಕದಲ್ಲಿ ಗಣಿಯ ಹೊಂಡಗಳಿವೆ. ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಉಷ್ಣತೆಯಲ್ಲಿ ಸುಟ್ಟಾಗ ಕಲ್ಲಿನೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ; ಸುಡುವ ಕಲ್ಲಿದ್ದಲಿನ ಹೊಗೆ ಬೇರೆ. ಜಗತ್ತಿನ ಒಟ್ಟು ಇಂಗಾಲದ ಡೈ ಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ನೂರಕ್ಕೆ 7ರಿಂದ 8. ಮಳೆ ಲೆಕ್ಕ ತಪ್ಪಿತೆಂದು, ಅಡಕೆಗೆ ಕೊಳೆ ಹೆಚ್ಚಿತೆಂದು ಗೋಳಾಡುವ ನಾವು ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ಮರಳಿನ ಕಥೆ ನಮ್ಮೆದುರಿಗೇ ನಡೆದಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ ಜಗತ್ತು ವರ್ಷಕ್ಕೆ ಸುಮಾರು 5000 ಕೋಟಿ ಟನ್ ಮರಳು-ಜಲ್ಲಿಯನ್ನು ಬಳಸುತ್ತಿದೆ. ಮರಳು ಬಗೆದ ಹೊಳೆಯಲ್ಲಿ ಪಾತ್ರ ಆಳವಾಗುತ್ತದೆ, ದಂಡೆ ಕುಸಿಯುತ್ತದೆ, ಬದಿಯ ಬಾವಿಗಳ ನೀರು ಇಳಿಯುತ್ತದೆ. ಹೊಳೆಯ ಮರಳಿಗೆ ತಡೆ ಬಿದ್ದಾಗ ಎಂ-ಸ್ಯಾಂಡ್ ಬಂದಿತು. ಎಂದರೆ ಹೊಳೆಯ ಬದಲು ಗುಡ್ಡವನ್ನೇ ಪುಡಿ ಮಾಡುವ ಕ್ರಷರ್ ಬಂದಿತು. ಬೇಡಿಕೆಯನ್ನು ಹಾಗೆಯೇ ಇಟ್ಟುಕೊಂಡು ಒಂದು ಕಡೆ ತಡೆದರೆ ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಕಬ್ಬಿಣದ ಬೆಲೆಯೇನೆಂಬುದನ್ನು ನಮಗೆ ಹೊಸದಾಗಿ ಹೇಳಬೇಕಿಲ್ಲ. 2005ರ ಕೊನೆಗೆ ನಿಲ್ಲುವವರೆಗೂ ಕುದುರೆಮುಖದ ಗಣಿ ಭದ್ರೆಯ ನೀರನ್ನು ಕೆಂಪಾಗಿಸಿದ್ದನ್ನು ಕಂಡವರು ನಾವು.

ಇವೆಲ್ಲಕ್ಕೂ ಮೊದಲು ಬರುವುದು ಜೆಸಿಬಿ. ಹಳೆಯ ಮನೆಗಳು ಗುಡ್ಡದ ಇಳಿಜಾರನ್ನು ಅನುಸರಿಸಿ ಮೆಟ್ಟಿಲುಮೆಟ್ಟಿಲಾಗಿ ಕೂತವು. ಹೊಸ ಮನೆಗೆ ಮೊದಲು ಸಪಾಟು ಅಂಗಳ ಬೇಕು. ಅದಕ್ಕಾಗಿ ಗುಡ್ಡದ ಬುಡವನ್ನು ನೇರ ಗೋಡೆಯಂತೆ ಕಡಿಯಬೇಕು. 2018ರ ಆಗಸ್ಟಿನಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು, ಅದೇ ತಿಂಗಳ 30ರಂದು ನೆರೆಯ ವಯನಾಡು. ಪ್ರತಿಯೊಂದು ಕುಸಿತದ ಕಾರಣಗಳೂ ಬೇರೆ ಬೇರೆ ಇವೆ. ಅತಿವೃಷ್ಟಿಯ ಪಾತ್ರ ಎಲ್ಲ ಕಡೆಯೂ ದೊಡ್ಡದೇ. ಆದರೆ ಬುಡ ಕಡಿದ ಇಳಿಜಾರು, ನೀರು ಹರಿಯುವ ಹಾದಿ ಮುಚ್ಚಿದ ಇಳಿಜಾರು ಅಂಥ ಮಳೆಗೆ ನಿಲ್ಲುವುದು ಕಷ್ಟ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಹಳೆಯ ಮನೆಯನ್ನು ದುರಸ್ತಿ ಮಾಡಿಕೊಂಡ ಕುಟುಂಬ ಹೊಸದಾಗಿ ಗುಡ್ಡ ಕಡಿಯುವುದಿಲ್ಲ. ದುರಸ್ತಿಯ ಬಹುದೊಡ್ಡ ಲಾಭ ಇದು.

ದುರಸ್ತಿಯ ಹೆಸರಿನಲ್ಲಿ ನಡೆಯುವ ಕೇಡು

ದುರಸ್ತಿ ಎಂದು ನಾವು ಮಾಡಿಸುತ್ತಿರುವ ಎಷ್ಟೋ ಕೆಲಸಗಳು ಮನೆಯನ್ನು ಮತ್ತಷ್ಟು ಕೆಡಿಸುತ್ತಿವೆ. ಅವುಗಳಲ್ಲಿ ಮೊದಲನೆಯದು ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾಯಿ. ಮಣ್ಣಿನ ಗೋಡೆ ನೆಲದಿಂದಲೂ ಗಾಳಿಯಿಂದಲೂ ತೇವವನ್ನು ಎಳೆದುಕೊಂಡು ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಸಿಮೆಂಟಿನ ಗಟ್ಟಿ ಪದರ ಆ ದಾರಿಯನ್ನು ಮುಚ್ಚುತ್ತದೆ. ಒಳಗೆ ಸಿಕ್ಕಿಬಿದ್ದ ತೇವ ಮಣ್ಣನ್ನು ಮೆತ್ತಗಾಗಿಸುತ್ತದೆ. ಮಣ್ಣೂ ಸಿಮೆಂಟೂ ಬಿಸಿಲಿಗೆ ಹಿಗ್ಗಿ ಕುಗ್ಗುವ ರೀತಿ ಬೇರೆಯಾದ್ದರಿಂದ ಪದರ ಗೋಡೆಯನ್ನು ಬಿಟ್ಟು ಟೊಳ್ಳಾಗುತ್ತದೆ. ಆ ಟೊಳ್ಳಿನಲ್ಲಿ ಒರಲೆ ಮನೆ ಮಾಡುತ್ತದೆ. ಕೊನೆಗೆ ಪದರ ಕಳಚಿದಾಗ ಗೋಡೆಯ ಮಣ್ಣೂ ಜೊತೆಗೆ ಬರುತ್ತದೆ. ಆಗ ‘ಮಣ್ಣಿನ ಗೋಡೆ ಬಾಳುವುದಿಲ್ಲ ನೋಡಿ’ ಎಂದು ತೀರ್ಪು ಕೊಡಲಾಗುತ್ತದೆ. ಕೊಂದವರೇ ಮರಣ ಪ್ರಮಾಣಪತ್ರ ಬರೆದಂತೆ ಇದು. ಜಂಬಿಟ್ಟಿಗೆಯ ಗೋಡೆಗೂ ಇದೇ ಮಾತು ಬಹುಪಾಲು ಅನ್ವಯಿಸುತ್ತದೆ.

ಎರಡನೆಯದು ‘ಸಿಮೆಂಟ್ ಶೀಟು’ ಎಂದು ಕರೆಯಲಾಗುವ ಕಲ್ನಾರಿನ, ಎಂದರೆ ಆಸ್ಬೆಸ್ಟಾಸಿನ, ಹಾಳೆ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರಿಗೆ ಕಾರಣವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಅರುವತ್ತಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ಹಾಳೆಯನ್ನು ಕೊಯ್ದಾಗ, ತೂತು ಕೊರೆದಾಗ, ಒಡೆದಾಗ ಕಣ್ಣಿಗೆ ಕಾಣದ ನಾರು ಗಾಳಿಗೆ ಸೇರಿ ಶ್ವಾಸಕೋಶದಲ್ಲಿ ನೆಲೆಸುತ್ತದೆ. ರೋಗ ಕಾಣಿಸಿಕೊಳ್ಳುವುದು ಹಲವು ದಶಕಗಳ ಬಳಿಕ. ಕೊಟ್ಟಿಗೆಗೆ, ಬಚ್ಚಲಿಗೆ, ಶಾಲೆಯ ಅಡುಗೆಕೋಣೆಗೆ ಅಗ್ಗವೆಂದು ಇದನ್ನು ಹೊದಿಸುವ ಮುನ್ನ ಆ ದೂರದ ಬೆಲೆಯನ್ನೂ ಎಣಿಸಬೇಕು.

ಮೂರನೆಯದು ಕೆಡವಿ ಮಾರುವುದು. ಹಳೆಯ ಮನೆಯ ಕೆತ್ತನೆಯ ಕಂಬ, ಬಾಗಿಲುವಾಡಗಳು ನಗರದ ಶ್ರೀಮಂತರ ಬಂಗಲೆಗಳಿಗೂ ‘ಪಾರಂಪರಿಕ’ ರೆಸಾರ್ಟುಗಳಿಗೂ ಹೋಗಿ ಸೇರುತ್ತಿವೆ. ನಾವು ನಾಚಿಕೆಯೆಂದು ಕಳಚಿ ಕೊಟ್ಟದ್ದನ್ನು ಅವರು ಹೆಮ್ಮೆಯೆಂದು ನಿಲ್ಲಿಸಿಕೊಳ್ಳುತ್ತಾರೆ. ಅದರ ಕೆಳಗೆ ಒಂದು ರಾತ್ರಿ ಮಲಗಲು ನಮ್ಮ ಮಕ್ಕಳು ಹಣ ತೆರುವ ಕಾಲವೂ ಬಂದಿದೆ.

ಆಕ್ಷೇಪಗಳು, ಉತ್ತರಗಳು

ಈ ವಾದಕ್ಕೆ ಎದುರಾಗುವ ಪ್ರಶ್ನೆಗಳನ್ನು ನಾವು ಬಲ್ಲೆವು. ಅವುಗಳಲ್ಲಿ ಕೆಲವು ಬಹಳ ನ್ಯಾಯವಾದವು.

‘ಮಂಗಗಳು ಹೆಂಚನ್ನು ಉಳಿಸುವುದಿಲ್ಲವಲ್ಲ?’ ನಿಜ. ಹೆಂಚು ಬಿಟ್ಟು ತಗಡಿಗೆ ಹೋದವರಲ್ಲಿ ಬಹಳ ಮಂದಿ ಹೇಳುವ ಕಾರಣ ಇದು, ಅದನ್ನು ಸುಳ್ಳೆನ್ನುವಂತಿಲ್ಲ. ಕಾಡಿನ ಹಣ್ಣಿನ ಮರಗಳನ್ನು ಕಡಿದು ಏಕಜಾತಿಯ ನೆಡುತೋಪು ಬೆಳೆಸಿದ ನೀತಿಯ ಫಲವನ್ನು ನಮ್ಮ ಮಾಡು ಉಣ್ಣುತ್ತಿದೆ. ಹಾಗಿರುವಾಗ, ಮಂಗಗಳು ಜಿಗಿಯುವ ಮರದ ಕಡೆಯ ಒಂದು ಮಗ್ಗುಲಿಗೆ ಅಥವಾ ಕೊಟ್ಟಿಗೆಗೆ ತಗಡು ಹೊದಿಸಿಕೊಂಡು, ಮಲಗುವ, ಕೂರುವ ಕೋಣೆಗಳ ಮೇಲೆ ಹೆಂಚು ಉಳಿಸಿಕೊಂಡರೆ ಅದು ಸೋಲಲ್ಲ. ಮನೆ ಪೂರ್ತಿ ಕೆಡವುವುದಕ್ಕೆ ಮಂಗ ನೆಪವಾಗಬಾರದು ಎಂಬುದಷ್ಟೇ ನಮ್ಮ ಮಾತು.

‘ಹೆಂಚಿನ ಮಾಡಿಗೆ ಮರ ಬೇಕು; ಕಾಡು ಕಡಿಯಬೇಕೆ?’ ಹೊಸ ಮರದ ಅಗತ್ಯ ಹೊಸ ಮನೆಗೆ ಹೆಚ್ಚು, ದುರಸ್ತಿಗೆ ಕಡಿಮೆ. ತುದಿ ಕೊಳೆತ ಪಕಾಸಿಯ ತುದಿಯನ್ನಷ್ಟೇ ಕೊಯ್ದು ಜೋಡು ಕೊಡಬಹುದು. ಕೆಡವಿದ ಮನೆಯ ಮರವನ್ನು ಮರಳಿ ಬಳಸಬಹುದು. ಕೊಟ್ಟಿಗೆ, ಕಟ್ಟಿಗೆಮನೆಗಳಿಗೆ ಅಡಕೆಯ ದಬ್ಬೆ ಸಾಕು. ಬಿದಿರನ್ನು ಬಲಿತ ಮೇಲೆ ಕಡಿದು, ಹರಿವ ನೀರಿನಲ್ಲಿ ಕೆಲವು ವಾರ ನೆನೆಹಾಕಿ ಒಣಗಿಸಿದರೆ ಕುಟ್ಟೆ ಹುಳು ಹತ್ತುವುದು ಕಡಿಮೆ. ಭಾರತೀಯ ಅರಣ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯಂತೆ ಅರಣ್ಯದ ಹೊರಗಿನ ಭೂಮಿಯಲ್ಲಿ ಬೆಳೆದ ಬಿದಿರು ‘ಮರ’ವೆಂಬ ವ್ಯಾಖ್ಯೆಯಿಂದ ಹೊರಗಾಗಿದೆ ಎಂಬುದೂ ನೆನಪಿರಲಿ.

‘ಹೆಂಚು ಸುಡುವುದಕ್ಕೂ ಜೇಡಿಮಣ್ಣು, ಸೌದೆ ಬೇಕಲ್ಲವೇ?’ ಬೇಕು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಿಂದ ಹಬ್ಬಿದ ಆ ಉದ್ಯಮ ಗದ್ದೆಯ ಮಣ್ಣನ್ನೂ ಕಾಡಿನ ಸೌದೆಯನ್ನೂ ಸಾಕಷ್ಟು ತಿಂದಿದೆ. ಆದರೆ ಒಮ್ಮೆ ಸುಟ್ಟ ಹೆಂಚು ಎರಡು-ಮೂರು ಮನೆಗಳ ಆಯುಷ್ಯ ಬಾಳುತ್ತದೆ. ಕೆಡವಿದ ಮನೆಯ ಕಾಂಕ್ರೀಟು ರಸ್ತೆ ಬದಿಯ ಕಸ. ಕೆಡವಿದ ಮನೆಯ ಹೆಂಚು ಇನ್ನೊಂದು ಮನೆಯ ಸೂರು. ಮಣ್ಣಿನ ಗೋಡೆಯಂತೂ ಬಿದ್ದ ಜಾಗದಲ್ಲಿಯೇ ಮತ್ತೆ ಕಲಸಿ ಕಟ್ಟಬಹುದಾದ ಗೋಡೆ.

ನಾಲ್ಕನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದುದು: ‘ಈ ಕೆಲಸವನ್ನೆಲ್ಲ ಹಿಂದೆ ಮಾಡುತ್ತಿದ್ದವರು ಯಾರು?’ ಜಮೀನುದಾರರ ದೊಡ್ಡ ಮನೆಗಳ ಮಾಡನ್ನು ಅವರು ತಾವಾಗಿಯೇ ಹತ್ತಿ ಹೊದಿಸಲಿಲ್ಲ. ಆಳುಗಳು ಹೊದಿಸಿದರು, ಕುಂಬಾರರು ನಾಡಹೆಂಚು ತಟ್ಟಿದರು, ಬಡಗಿಗಳು ಕೆತ್ತಿದರು. ಅವರಿಗೆ ಸಂದದ್ದು ಅರೆಹೊಟ್ಟೆಯ ಕಾಳು. ಒಳಗಿನ ನೆಲ ಸಾರಿಸಿದವರು, ಗೋಡೆಗೆ ಶೇಡಿ ಬಳಿದವರು ಹೆಂಗಸರು. ಅದಕ್ಕೆ ಕೂಲಿಯೂ ಇಲ್ಲ, ಹೆಸರೂ ಇಲ್ಲ. ಆ ಕಾಲವನ್ನು ಹಾಡಿ ಹೊಗಳುವವರ ಜೊತೆ ನಾವಿಲ್ಲ. ಸಗಣಿ ನೆಲದ ಬದಲು ಕೆಂಪು ಹೆಂಚಿನ ನೆಲ ಬೇಕೆಂದು ಒಬ್ಬ ತಾಯಿ ಕೇಳಿದರೆ ಆಕೆಯ ಬೆನ್ನುಮೂಳೆಯ ಪರವಾಗಿಯೇ ನಾವು ನಿಲ್ಲುತ್ತೇವೆ. ದುರಸ್ತಿಯ ವಿದ್ಯೆ ಮರಳಿ ಬರಬೇಕಾದರೆ ಅದು ಎಲ್ಲರ ಕೈಗೂ ಬರಬೇಕು: ಗಂಡಸರು ಸಾರಿಸಲು ಕಲಿಯಬೇಕು, ಹೆಣ್ಣುಮಕ್ಕಳು ಮಾಡು ಹತ್ತಲು ಕಲಿಯಬೇಕು, ಓದಿದವರು ಮಣ್ಣು ತುಳಿಯಲು ಕಲಿಯಬೇಕು, ಕಸುಬು ಬಲ್ಲವರಿಗೆ ಗುರುವಿನ ಮನ್ನಣೆಯೂ ತಕ್ಕ ಕೂಲಿಯೂ ಸಲ್ಲಬೇಕು. ‘ಆಳು ಸಿಗುವುದಿಲ್ಲ’ ಎಂಬ ಕೊರಗಿಗೂ ಉತ್ತರ ಇಲ್ಲಿಯೇ ಇದೆ.

ನಮ್ಮ ಕೈಯಿಂದಲೇ ಆಗುವ ಕೆಲಸಗಳು

ವಾದ ಮಾಡಿದರೆ ಸಾಲದು. ಒಂದು ಸಾಧಾರಣ ಕುಟುಂಬ ರಜಾದಿನಗಳಲ್ಲಿ ತಾನೇ ಮಾಡಿಕೊಳ್ಳಬಹುದಾದವುಗಳನ್ನು ಋತುವಿನ ಕ್ರಮದಲ್ಲಿ ಇಲ್ಲಿ ಹೇಳುತ್ತೇವೆ.

ಮಳೆಗಾಲದಲ್ಲಿ ಮಾಡಬೇಕಾದದ್ದು ನೋಡುವ ಕೆಲಸ. ಎಲ್ಲಿ ಸೋರುತ್ತದೆಯೋ ಅಲ್ಲಿ ಒಳಗಿನಿಂದ ಪಕಾಸಿಯ ಮೇಲೆ ಸುಣ್ಣದ ಗುರುತು ಹಾಕಿಡಿ. ನೀರು ತೊಟ್ಟಿಕ್ಕುವ ಜಾಗವೂ ಹೆಂಚು ಒಡೆದ ಜಾಗವೂ ಒಂದೇ ಆಗಿರಬೇಕಿಲ್ಲ. ನೀರು ಪಕಾಸಿಯ ಮೇಲೆ ಕೆಳಕ್ಕೆ ಹರಿದು ಬಂದಿರುತ್ತದೆ, ಆದ್ದರಿಂದ ಮೇಲುಗಡೆ ಹುಡುಕಿ. ಮನೆಯ ಹಿಂದಿನ ಧರೆಯ ಬುಡದ ಚರಂಡಿಯನ್ನು ವಾರಕ್ಕೊಮ್ಮೆ ಬಿಡಿಸಿ. ಗೋಡೆಯ ಬುಡಕ್ಕೆ ನೀರು ನಿಲ್ಲದಂತೆ ನೋಡಿಕೊಂಡರೆ ಮಣ್ಣಿನ ಮನೆಯ ದೊಡ್ಡ ಶತ್ರುವನ್ನು ದೂರ ಇಟ್ಟಂತೆ.

ದೀಪಾವಳಿ ಕಳೆದು ಬಿಸಿಲು ಬಲಿತಾಗ ಗೋಡೆಯ ಕೆಲಸ. ಮೊದಲು ಮಣ್ಣನ್ನು ಪರೀಕ್ಷಿಸಿ. ಒಂದು ಗಾಜಿನ ಶೀಸೆಯಲ್ಲಿ ಮೂರನೆಯ ಒಂದು ಪಾಲು ಮಣ್ಣು, ಉಳಿದಷ್ಟು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಅಲುಗಿಸದೆ ಇಡಿ. ತಳದಲ್ಲಿ ಮರಳು, ನಡುವೆ ನುಣುಪು ಗೋಡು, ಮೇಲೆ ಜೇಡಿ ಪದರಪದರವಾಗಿ ಕೂರುತ್ತವೆ. ಜೇಡಿ ಹೆಚ್ಚಿದ್ದರೆ ಗಿಲಾಯಿ ಒಣಗಿ ಬಿರಿಯುತ್ತದೆ, ಮರಳು ಸೇರಿಸಬೇಕು. ಮರಳು ಹೆಚ್ಚಿದ್ದರೆ ಉದುರುತ್ತದೆ, ಜಿಗುಟು ಮಣ್ಣು ಸೇರಿಸಬೇಕು. ಜರಡಿ ಹಿಡಿದ ಮಣ್ಣಿಗೆ ಸಣ್ಣಗೆ ಕತ್ತರಿಸಿದ ಹುಲ್ಲು ಅಥವಾ ಭತ್ತದ ಹೊಟ್ಟು, ಸಗಣಿ ಸೇರಿಸಿ ತುಳಿದು ಕೆಲವು ದಿನ ಒದ್ದೆಯಾಗಿಯೇ ಕೊಳೆಯಲು ಬಿಡಿ. ಗೋಡೆಯ ಸಡಿಲ ಮಣ್ಣನ್ನೂ ಹಳೆಯ ಸಿಮೆಂಟನ್ನೂ ಕೆರೆದು ತೆಗೆದು, ಗೋಡೆಗೆ ನೀರು ಚಿಮುಕಿಸಿ, ಮೊದಲು ಒಂದು ಮೊಳ ಚೌಕದಷ್ಟು ಮಾತ್ರ ಮೆತ್ತಿ ನೋಡಿ. ಅದು ಬಿರಿಯದೆ ಒಣಗಿದರೆ ಉಳಿದದ್ದಕ್ಕೆ ಕೈಹಾಕಿ. ಮೇಲೆ ಎರಡು ಸಲ ಸುಣ್ಣ ಬಳಿಯಿರಿ. ಅಘನಾಶಿನಿಯ ಅಳಿವೆಯ ಚಿಪ್ಪಿನ ಸುಣ್ಣ ನಮ್ಮ ಸೀಮೆಗೆ ಹೊಸದಲ್ಲ. ಸುಣ್ಣಕ್ಕೆ ಸಿಮೆಂಟಿನಷ್ಟು ಉರಿ ಬೇಡ. ಸುಮಾರು 900 ಡಿಗ್ರಿ ಸಾಕು. ಸುಡುವಾಗ ಬಿಟ್ಟ ಇಂಗಾಲದ ಡೈ ಆಕ್ಸೈಡಿನ ಒಂದು ಪಾಲನ್ನು ಗಟ್ಟಿಯಾಗುವಾಗ ಅದು ಗಾಳಿಯಿಂದ ಮರಳಿ ಹೀರುತ್ತದೆ. ಗೋಡೆ ಉಸಿರಾಡಲೂ ಬಿಡುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕುವಾಗ ಮಾತ್ರ ಮಕ್ಕಳನ್ನು ದೂರವಿಡಿ. ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಗೋಡೆಯಲ್ಲಿ ಬಿರುಕು ಕಂಡರೆ ತಕ್ಷಣ ಮುಚ್ಚಬೇಡಿ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ತುಂಡೊಂದನ್ನು ಎರಡೂ ತುದಿ ಗಟ್ಟಿಯಾಗಿ ಹಿಡಿಯುವಂತೆ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಒಂದು ಮಳೆಗಾಲ ಕಳೆದರೂ ಗಾಜು ಒಡೆಯದಿದ್ದರೆ ಬಿರುಕು ಹಳೆಯದು, ತುಂಬಬಹುದು. ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ, ಬಲ್ಲವರನ್ನು ಕರೆಯಬೇಕು.

ಬೇಸಿಗೆಯ ಕೊನೆಗೆ, ಮೊದಲ ಮಳೆಗೆ ಮುನ್ನ, ಹೆಂಚು ಕೈಯಾಡಿಸುವುದು. ಒಂದೆರಡು ಒಡೆದ ಹೆಂಚುಗಳಿಗೆ ಮಾಡು ಹತ್ತಬೇಕಾಗಿಯೂ ಇಲ್ಲ. ಮೇಲಿನ ಸಾಲಿನ ಹೆಂಚನ್ನು ಒಳಗಿನಿಂದ ಕೋಲಿನಿಂದ ತುಸು ಎತ್ತಿ ಹಿಡಿದು, ಒಡೆದದ್ದನ್ನು ರೀಪಿನಿಂದ ಬಿಡಿಸಿ ಕೆಳಗೆಳೆದು, ಹೊಸದನ್ನು ಅದೇ ದಾರಿಯಲ್ಲಿ ಸೇರಿಸಬಹುದು. ಅಟ್ಟದಿಂದ ಕೈಗೆಟಕುವ ಮಾಡಿಗೆ ಇದು ಸುಲಭದ ಕ್ರಮ. ರೀಪು, ಪಕಾಸಿಗಳಿಗೆ ಗೇರು ಸಿಪ್ಪೆಯ ಎಣ್ಣೆ ಬಳಿದರೆ ಒರಲೆಯ ಕಾಟ ತಗ್ಗುತ್ತದೆ. ಅದು ಚರ್ಮವನ್ನು ಸುಡುವುದರಿಂದ ಕೈಗವಸು ಬೇಕು.

ಕೈಹಾಕಬಾರದ ಕೆಲಸಗಳನ್ನೂ ಅಷ್ಟೇ ಖಚಿತವಾಗಿ ಹೇಳಬೇಕು. ವಿದ್ಯುತ್ತಿನ ಮುಖ್ಯ ಸಂಪರ್ಕ, ಚಲಿಸುತ್ತಿರುವ ಗೋಡೆ, ಕೆಳಬಾಗಿದ ತೊಲೆ ಇವು ಅನುಭವಿಗಳ ಕೆಲಸ. ಕಲ್ನಾರಿನ ಹಾಳೆಯನ್ನು ಒಣಗಿರುವಾಗ ಉಜ್ಜುವುದು, ಕೊಯ್ಯುವುದು ಬೇಡವೇ ಬೇಡ. ಒದ್ದೆ ಮಾಡಿನ ಮೇಲೆ ಹತ್ತಬೇಡಿ, ಒಬ್ಬರೇ ಹತ್ತಬೇಡಿ. ಮನೆಯ ಹಿಂದಿನ ಗುಡ್ಡದಲ್ಲಿ ಉದ್ದನೆಯ ಬಿರುಕು, ಇದ್ದಕ್ಕಿದ್ದಂತೆ ಎದ್ದ ಕೆಸರು ನೀರಿನ ಒರತೆ, ವಾಲಿದ ಮರಗಳು ಕಂಡರೆ ಅದು ದುರಸ್ತಿಯ ಕಾಲವಲ್ಲ. ಮನೆ ಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗಿ ಪಂಚಾಯಿತಿಗೆ ತಿಳಿಸುವ ಕಾಲ.

ಗ್ರಾಮಸಭೆಯ ಮುಂದೆ ಇಡಬೇಕಾದ ಬೇಡಿಕೆಗಳು

ಮನೆಮನೆಯ ಪ್ರಯತ್ನ ಅಗತ್ಯ. ಅದರಿಂದಲೇ ಎಲ್ಲವೂ ಆಗದು. ನೀತಿ ಬದಲಾಗದೆ ಬಡವರಿಗೆ ಈ ದಾರಿ ತೆರೆಯದು. ಆದ್ದರಿಂದ ಬರುವ ಗ್ರಾಮಸಭೆಗಳಲ್ಲಿ ಈ ಕೆಳಗಿನವುಗಳನ್ನು ಗಟ್ಟಿಯಾಗಿ ಕೇಳಬೇಕೆಂದು ಓದುಗರಲ್ಲಿ ವಿನಂತಿಸುತ್ತೇವೆ.

1. ಹೊಸ ಮನೆಗೆ ಕೊಡುವಂತೆಯೇ ಹಳೆಯ ಮನೆಯ ದುರಸ್ತಿಗೂ ನೆರವು ಕೊಡಬೇಕು. ಗಟ್ಟಿಯಾಗಿರುವ ಗೋಡೆಯನ್ನು ಕೆಡವಬೇಕೆಂಬ ಒತ್ತಡ ನಿಲ್ಲಬೇಕು.

2. ವಸತಿ ಯೋಜನೆಯ ಮಾರ್ಗಸೂಚಿಯನ್ನು ಕನ್ನಡದಲ್ಲಿ ಸಭೆಯ ಮುಂದೆ ಓದಬೇಕು. ಸ್ಥಳೀಯ ವಸ್ತುಗಳಿಂದ ಕಟ್ಟಿದ ಮನೆಗೆ ಹಣ ತಡೆಹಿಡಿದರೆ ಯಾವ ನಿಯಮದಂತೆ ಎಂದು ಬರೆದು ಕೊಡಲು ಕೇಳಬೇಕು.

3. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರ ವರದಿಯಲ್ಲಿ ಕಬ್ಬಿಣ, ಸಿಮೆಂಟು, ಮರಳಿನ ಬಳಕೆಯನ್ನು ತಗ್ಗಿಸುವ ಕಟ್ಟಡ ಸಂಹಿತೆಯನ್ನು ಸೂಚಿಸಿತ್ತು. ಆ ವರದಿಯ ಹೆಸರು ಕೇಳಿದೊಡನೆ ‘ನಮ್ಮನ್ನು ಒಕ್ಕಲೆಬ್ಬಿಸುತ್ತಾರೆ’ ಎಂದು ಹೆದರಿಸಿದವರು ಈ ಭಾಗವನ್ನು ಯಾರಿಗೂ ಓದಿ ಹೇಳಲಿಲ್ಲ. ನಮ್ಮ ಪಂಚಾಯಿತಿ ತನ್ನದೇ ಸಂಹಿತೆಯನ್ನು ತಾನೇ ಚರ್ಚಿಸಿ ರೂಪಿಸಲಿ.

4. ಹೋಬಳಿಗೊಂದು ಉಗ್ರಾಣ ಬೇಕು. ಕೆಡವಿದ ಮನೆಗಳ ಹೆಂಚು, ಕಲ್ಲು, ಮರಗಳನ್ನು ಅಲ್ಲಿ ಕೂಡಿಟ್ಟು ಅಗತ್ಯವಿದ್ದವರಿಗೆ ಕಡಿಮೆ ಬೆಲೆಗೆ ಕೊಡಬೇಕು. ಏಣಿ, ಜರಡಿ, ಮಣ್ಣಿನ ಇಟ್ಟಿಗೆ ಒತ್ತುವ ಯಂತ್ರಗಳೂ ಅಲ್ಲಿ ಬಾಡಿಗೆಗೆ ದೊರೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ ಅಸ್ತ್ರ ಕೇಂದ್ರದಲ್ಲಿ ಇಂಥ ಒತ್ತಿಟ್ಟಿಗೆಯ ಬಗ್ಗೆ ದಶಕಗಳ ಕೆಲಸ ನಡೆದಿದೆ. ಅಸ್ತ್ರ ಒಲೆಯನ್ನು ಒಪ್ಪಿಕೊಂಡ ಮಲೆನಾಡು ಅದರ ಇಟ್ಟಿಗೆಯನ್ನೂ ಒಪ್ಪಿಕೊಳ್ಳಬಹುದು.

5. ಗುಡ್ಡದ ಬುಡ ಕಡಿಯುವ ಮುನ್ನ ಪಂಚಾಯಿತಿಯ ಪರಿಶೀಲನೆ ಕಡ್ಡಾಯವಾಗಬೇಕು. ಇದು ಬಡವನ ಮನೆಗೆ ಮಾತ್ರವಲ್ಲ, ರೆಸಾರ್ಟಿಗೂ ಅನ್ವಯಿಸಬೇಕು.

ವಿದ್ಯಾರ್ಥಿ ಮಿತ್ರರಿಗೆ ಪ್ರತ್ಯೇಕವಾಗಿ ಒಂದು ಮಾತು. ನಿಮ್ಮ ಊರಿನಲ್ಲಿ ಮಾಡು ಹೊದಿಸಬಲ್ಲವರು, ಮಣ್ಣಿನ ಗೋಡೆ ಕಟ್ಟಬಲ್ಲವರು, ಮರಕ್ಕೆ ಜೋಡು ಕೊಡಬಲ್ಲವರು ಇನ್ನು ಎಷ್ಟು ಮಂದಿ ಇದ್ದಾರೆ? ಅವರ ವಯಸ್ಸೆಷ್ಟು? ಅವರಿಂದ ಕಲಿಯುತ್ತಿರುವವರು ಯಾರಾದರೂ ಇದ್ದಾರೆಯೇ? ಈ ಬೇಸಿಗೆ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ಮನೆಮನೆಗೆ ಹೋಗಿ ಇದನ್ನು ಬರೆದುಕೊಳ್ಳಿ. ಬರೆದುಕೊಂಡರೆ ಸಾಲದು, ಅವರ ಪಕ್ಕದಲ್ಲಿ ನಿಂತು ಒಂದು ಮಾಡನ್ನಾದರೂ ಪೂರ್ತಿ ಕೈಯಾಡಿಸಿ ಕಲಿಯಿರಿ. ಈ ವಿದ್ಯೆ ಬಲ್ಲವರಲ್ಲಿ ಬಹುಮಂದಿ ಮುಪ್ಪಿನ ಅಂಚಿನಲ್ಲಿದ್ದಾರೆ, ಆದ್ದರಿಂದ ಮುಂದಿನ ವರ್ಷಕ್ಕೆ ಮುಂದೂಡುವ ಕೆಲಸವಲ್ಲ ಇದು.

ನೀವು ಕಂಡದ್ದನ್ನೂ ಕಲಿತದ್ದನ್ನೂ ಈ ಪತ್ರಿಕೆಗೆ ಬರೆದು ಕಳಿಸಿ. ಯಾವ ಮಣ್ಣಿಗೆ ಏನು ಬೆರೆಸಿದರೆ ಗೋಡೆ ನಿಂತಿತು, ಯಾವುದು ನಿಲ್ಲಲಿಲ್ಲ, ಒಂದು ಕೋಣೆಯ ದುರಸ್ತಿಗೆ ಎಷ್ಟು ದಿನ, ಎಷ್ಟು ಹಣ ಹಿಡಿಯಿತು ಎಂಬ ವಿವರಗಳಿದ್ದರೆ ನೆರೆಯ ಊರಿನವರಿಗೂ ಅದು ಬಳಕೆಗೆ ಬರುತ್ತದೆ. ಮಳೆ ಹಿಡಿಯುವ ಮುನ್ನ ಮಾಡಬೇಕಾದದ್ದು ಬೇಕಾದಷ್ಟಿದೆ.